ಹ್ಯೂಬರ್ಟ್ ಲಿಡ್‌ಬೆಟರ್ ಕಟ್ಟಿದ್ದು ಯಾರಿಗಾಗಿ?

ಕೇರಳದಲ್ಲಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದ ಲಾರಿ ಬೇಕರ್ ಹೆಸರು ಕೇಳದ ಆರ್ಕಿಟೆಕ್ಚರ್ ವಿದ್ಯಾರ್ಥಿ ನಮ್ಮಲ್ಲಿ ಇರಲಿಕ್ಕಿಲ್ಲ. ಅವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರೆಂಬುದೂ ಹಲವರಿಗೆ ಗೊತ್ತು. ಆದರೆ ಆ ಪಂಥದ ಕಟ್ಟಡಗಳಿಗೇ ತನ್ನ ವೃತ್ತಿಯ ಬಹುಭಾಗ ಕೊಟ್ಟ ಇಂಗ್ಲೆಂಡಿನ ವಾಸ್ತುಶಿಲ್ಪಿ ಹ್ಯೂಬರ್ಟ್ ಲಿಡ್‌ಬೆಟರ್ (1885–1966) ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗಿದು ಅನ್ಯಾಯ ಅನ್ನಿಸುತ್ತದೆ.

ಕ್ವೇಕರರಿಗೆ ಕಟ್ಟಿಕೊಡುವುದು ಸುಲಭದ ಕೆಲಸವಲ್ಲ. ಪಾದ್ರಿ ಇಲ್ಲ, ಬಲಿಪೀಠ ಇಲ್ಲ, ಶಿಲುಬೆ ಇಲ್ಲ, ಗೋಪುರವಂತೂ ಇಲ್ಲವೇ ಇಲ್ಲ. ಜನ ಬಂದು ಬೆಂಚುಗಳ ಮೇಲೆ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡುತ್ತಾರೆ, ಮತ್ತೆ ಮೌನ. ಇಂಗ್ಲೆಂಡಿನ ಜಾರ್ಡನ್ಸ್ ಹಳ್ಳಿಯಲ್ಲಿರುವ 1688ರ ಸಭಾಮನೆ (ಕ್ವೇಕರರ ಪ್ರಾರ್ಥನಾ ಸ್ಥಳ) ಹೊರಗಿನಿಂದ ಇಟ್ಟಿಗೆಯ ಹಳ್ಳಿಮನೆಯಂತೆಯೇ ಇದೆ. ಅಲಂಕಾರಕ್ಕೆ ಅವಕಾಶವೇ ಇಲ್ಲದಲ್ಲಿ ಅಳತೆ ತಪ್ಪಿದರೆ ಮುಚ್ಚಿಡಲು ಏನೂ ಸಿಗುವುದಿಲ್ಲ.

ಇಂಥ ಸಂಪ್ರದಾಯದವರಿಗೆ ಲಂಡನ್ನಿನ ಗದ್ದಲದ ಯೂಸ್ಟನ್ ರಸ್ತೆಯಲ್ಲಿ, ರೈಲು ನಿಲ್ದಾಣದ ಎದುರಿಗೇ, ಕೇಂದ್ರ ಕಚೇರಿ ಬೇಕಾಯಿತು. ಕಚೇರಿ, ಗ್ರಂಥಾಲಯ, ಜೊತೆಗೆ ಸುಮಾರು 1500 ಜನ ಕೂರುವ ಸಭಾಂಗಣ. 1927ರಲ್ಲಿ ಮುಗಿದ ಫ್ರೆಂಡ್ಸ್ ಹೌಸ್‌ನಲ್ಲಿ ಲಿಡ್‌ಬೆಟರ್ ಆ ದೊಡ್ಡ ಸಭಾಂಗಣವನ್ನು ಕಟ್ಟಡದ ಒಡಲಲ್ಲಿಟ್ಟು ಸುತ್ತ ಉಳಿದ ಕೋಣೆಗಳನ್ನು ಹೊಂದಿಸಿದ. ಒಂದು ಭಾಗವನ್ನು ಬಾಡಿಗೆಗೆ ಕೊಟ್ಟು ಆದಾಯ ಬರುವಂತೆಯೂ ಯೋಜಿಸಲಾಗಿತ್ತು. ಲೆಕ್ಕ ಬಲ್ಲ ಸಮುದಾಯ ಅದು! ಆ ವರ್ಷದ ಲಂಡನ್ನಿನ ಅತ್ಯುತ್ತಮ ಕಟ್ಟಡವೆಂದು ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆ ಕಂಚಿನ ಪದಕ ಕೊಟ್ಟಿತು.

ರಸ್ತೆಯ ಕಡೆಗಿರುವ ಕಲ್ಲುಕಂಬಗಳು ಮಾತ್ರ ನನಗೆ ಒಪ್ಪಿಗೆಯಿಲ್ಲ. ಸರಳತೆಯನ್ನೇ ವ್ರತ ಮಾಡಿಕೊಂಡವರಿಗೆ ಬ್ಯಾಂಕಿನ ಗತ್ತು ಯಾಕೆ ಬೇಕಿತ್ತು? ಪಕ್ಕದ ತೋಟದ ಕಡೆಯಿಂದ ನೋಡಿದರೆ ಅದೇ ಕಟ್ಟಡ ಎಷ್ಟೋ ಸೌಮ್ಯ.

1931ರ ಸೆಪ್ಟೆಂಬರ್ 12ರಂದು ದುಂಡುಮೇಜಿನ ಪರಿಷತ್ತಿಗೆ ಬಂದಿಳಿದ ಗಾಂಧಿಯನ್ನು ಸ್ವಾಗತಿಸಿದ್ದು ಇಲ್ಲೇ. ಭಾರತದ ಪರ ದನಿಗೆ ಜಾಗ ಕೊಟ್ಟ ಈ ಕಟ್ಟಡ ನಮ್ಮ ಇತಿಹಾಸಕ್ಕೂ ಸೇರಿದ್ದು.

ಆಮೇಲೆ ಲಿಡ್‌ಬೆಟರ್ ವಿನ್ಯಾಸದ ಬರ್ಮಿಂಗ್‌ಹ್ಯಾಮ್‌ನ ಬುಲ್ ಸ್ಟ್ರೀಟ್ ಸಭಾಮನೆ ಬಂತು. ಲಂಡನ್ನಿನ ಕ್ವೇಕರ್ ಆಸ್ತಿಗಳ ಸರ್ವೇಯರ್ ಆಗಿ ಹಳೆಯ ಮನೆಗಳ ಮಾಡು, ಗೋಡೆ ನೋಡಿಕೊಂಡ ವರ್ಷಗಳೂ ಉಂಟು. 1961ರಲ್ಲಿ ಸಭಾಮನೆಗಳ ಇತಿಹಾಸವನ್ನೇ ಪುಸ್ತಕವಾಗಿ ಬರೆದ. ಹೊಸದನ್ನು ಕಟ್ಟುವವನು ಹಿಂದಿನವರ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಓದಿಕೊಳ್ಳುವುದು ಅಪರೂಪ. ಅದಕ್ಕೇ ಆತನ ಮೇಲೆ ನನಗೆ ಇಷ್ಟು ಗೌರವ.

2014ರಲ್ಲಿ ಫ್ರೆಂಡ್ಸ್ ಹೌಸ್‌ನ ಆ ದೊಡ್ಡ ಸಭಾಂಗಣವನ್ನು ನವೀಕರಿಸಿ, ಛಾವಣಿ ತೆರೆದು ಆಕಾಶದ ಬೆಳಕು ಬರುವಂತೆ ಮಾಡಿದರು. ಮೂಲ ವಿನ್ಯಾಸ ಕೆಟ್ಟಿತು ಅನ್ನುವವರ ಜೊತೆ ನಾನಿಲ್ಲ. ಅದು ಮ್ಯೂಸಿಯಮ್ಮಲ್ಲ, ಇವತ್ತಿಗೂ ಜನ ಬಂದು ಕೂರುವ ಜಾಗ.