ಕಿಟಕಿ ಮುಚ್ಚಿ, ದೇಶ ಉಳಿಸಿ

ವಿಮಾನದ ಕಿಟಕಿಯ ಪರದೆ ಎಳೆಯುವುದೂ ದೇಶಸೇವೆ ಎಂದು ನಮಗೆ ತಿಳಿದದ್ದು 2025ರ ಮೇ ತಿಂಗಳಲ್ಲಿ. ಸೇನೆಯೂ ನಾಗರಿಕರೂ ಹಂಚಿಕೊಂಡಿರುವ ನಿಲ್ದಾಣಗಳಲ್ಲಿ, ಅದರಲ್ಲೂ ಪಶ್ಚಿಮ ಗಡಿಯ ಕಡೆ, ವಿಮಾನ ಹತ್ತು ಸಾವಿರ ಅಡಿ ಏರುವವರೆಗೆ ಪರದೆ ಇಳಿಸಿರಬೇಕು, ಇಳಿಯುವಾಗಲೂ ಅಷ್ಟೇ, ಫೋಟೊ ವಿಡಿಯೊ ಕೂಡದು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಪ್ಪಣೆ ಹೊರಡಿಸಿತು. ಪಾಕಿಸ್ತಾನದ ಗಡಿ ಬಿಸಿಯೇರಿದ್ದ ದಿನಗಳು. ಎಚ್ಚರ ಬೇಡವೆಂದು ಯಾರೂ ಹೇಳುವುದಿಲ್ಲ. ನಾನು ಮರುಳಾದದ್ದು ಆ ಅಪ್ಪಣೆಯಲ್ಲಿದ್ದ ಪುಟ್ಟ ವಿನಾಯಿತಿಗೆ: ತುರ್ತು ನಿರ್ಗಮನದ ಸಾಲಿನ ಕಿಟಕಿಗಳಿಗೆ ಇದು ಅನ್ವಯಿಸುವುದಿಲ್ಲ.

ಅಲ್ಲಿಗೆ ಶತ್ರುದೇಶದ ಗೂಢಚಾರನ ಸೀಟು ಗೊತ್ತಾಯಿತು. ಕಾಲು ಚಾಚಲು ಜಾಗವೂ ಅಲ್ಲೇ ಹೆಚ್ಚು. ಗಗನಸಖಿ ಬಂದು, ‘ಅಪಾಯವಾದರೆ ಬಾಗಿಲು ತೆರೆಯಲು ನೆರವಾಗುತ್ತೀರಾ ಸರ್?’ ಎಂದು ಕೇಳಿದಾಗ ಆತ ವಿನಯದಿಂದ ಆಗಲಿ ಎನ್ನುತ್ತಾನೆ. ಪಾಪ, ಗೂಢಚಾರರು ಸಾಮಾನ್ಯವಾಗಿ ಸೌಜನ್ಯವಂತರು. ಉಳಿದ ನೂರೈವತ್ತು ಮಂದಿ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಪರದೆ ಇಳಿಸಿ ಕುಳಿತು, ಹೊರಗಿರುವುದು ಯಾರಿಗೂ ಕಾಣದು ಎಂದು ಸಮಾಧಾನ ಪಡಬೇಕಿತ್ತು. ಅಲ್ಲಿಯವರೆಗೆ ಅದೇ ಗಗನಸಖಿ ಏರುವಾಗ, ಇಳಿಯುವಾಗ ಪರದೆ ಮೇಲೆತ್ತಿ ಎಂದು ಬೇಡಿಕೊಳ್ಳುತ್ತಿದ್ದಳು. ಹೊರಗೆ ಬೆಂಕಿ ಕಂಡರೆ ಒಳಗಿನವರಿಗೆ ಗೊತ್ತಾಗಲಿ ಎಂಬುದು ಅದರ ಕಾರಣ. ಬೆಂಕಿಗಿಂತ ಫೋಟೊ ದೊಡ್ಡ ಅಪಾಯ ಎಂದು ಆಗ ತೀರ್ಮಾನವಾಯಿತು.

ಈ ಭಯಕ್ಕೆ ವಯಸ್ಸಾಗಿದೆ. 1937ರ ವಿಮಾನ ನಿಯಮಗಳಲ್ಲಿ 13ನೆಯದನ್ನು ತೆರೆದರೆ, ಸರ್ಕಾರಿ ವಿಮಾನ ನಿಲ್ದಾಣದಲ್ಲಾಗಲಿ ಹಾರುತ್ತಿರುವ ವಿಮಾನದಿಂದಾಗಲಿ ಲಿಖಿತ ಅನುಮತಿಯಿಲ್ಲದೆ ಫೋಟೊ ತೆಗೆಯುವಂತಿಲ್ಲ. ನಿಯಮ ಬರೆದವರು ಬ್ರಿಟಿಷರು. ಅವರು ಹೋದರು, ನಿಯಮ ಉಳಿಯಿತು. 2020ರ ಸೆಪ್ಟೆಂಬರಿನಲ್ಲಿ ನಟಿಯೊಬ್ಬರು ಚಂಡೀಗಢದಿಂದ ಮುಂಬೈಗೆ ಹೊರಟ ವಿಮಾನದೊಳಗೆ ಟಿವಿಯವರು ಒಬ್ಬರ ಮೇಲೊಬ್ಬರು ಬಿದ್ದು ಮೈಕು ಚಾಚಿದ್ದು ನೆನಪಿರಬಹುದು. ಆಗ ಇದೇ ನಿಯಮವನ್ನು ಅಟ್ಟದಿಂದ ಇಳಿಸಿ, ಇನ್ನು ಯಾವ ವಿಮಾನದಲ್ಲಿ ಫೋಟೊ ತೆಗೆದರೂ ಆ ಮಾರ್ಗದ ಹಾರಾಟವನ್ನೇ ಎರಡು ವಾರ ನಿಲ್ಲಿಸುತ್ತೇವೆ ಎಂದು ಅದೇ ಮಹಾನಿರ್ದೇಶನಾಲಯದವರು ಶನಿವಾರ ಗುಡುಗಿದರು. ಭಾನುವಾರ ಮಳೆ ನಿಂತಿತು. 2004ರದೊಂದು ಸುತ್ತೋಲೆ ಸಿಕ್ಕಿತಂತೆ, ಪ್ರಯಾಣಿಕರು ಸೀಟಿನಲ್ಲಿ ಕುಳಿತು ಧಾರಾಳವಾಗಿ ತೆಗೆದುಕೊಳ್ಳಬಹುದಂತೆ. ಹದಿನಾರು ವರ್ಷದ ಹಿಂದೆ ತಾವೇ ಕೊಟ್ಟ ಅನುಮತಿ ಹುಡುಕಲು ಒಂದೇ ರಾತ್ರಿ ಸಾಕಾಯಿತು ಎಂದರೆ ನಮ್ಮ ಕಡತಗಳ ಬಗ್ಗೆ ಹೆಮ್ಮೆಪಡಬೇಕು.

ಈ ನಿಯಮಗಳ ನಡುವೆ ನಿಜವಾಗಿ ಸಿಕ್ಕಿಬೀಳುವ ಪ್ರಾಣಿಯೊಂದಿದೆ. ವಿಮಾನದ ಹುಚ್ಚು ಹಿಡಿದ ಛಾಯಾಗ್ರಾಹಕ. ಬೆಳಗಿನ ಜಾವಕ್ಕೇ ಎದ್ದು ರನ್‌ವೇ ಬೇಲಿಯಾಚೆಯ ದಿಬ್ಬದ ಮೇಲೆ ಮೊಳದುದ್ದದ ಲೆನ್ಸ್ ಹಿಡಿದು ನಿಂತಿರುತ್ತಾನೆ. ಬಿಸಿಲೇರಿದರೆ ನೆಲದ ಕಾವಿಗೆ ಗಾಳಿ ನಡುಗಿ ಚಿತ್ರವೆಲ್ಲ ನೀರಿನಲ್ಲಿ ಕಲಸಿದಂತಾಗುತ್ತದೆ ಎಂದು ಅವನಿಗೆ ಗೊತ್ತು. ಪ್ರೊಪೆಲ್ಲರ್ ಇರುವ ವಿಮಾನ ಬಂದರಂತೂ ಅವನ ಸಂಕಟ ನೋಡಬೇಕು. ಶಟರ್ ವೇಗ ಹೆಚ್ಚಿಟ್ಟರೆ ಅಲಗುಗಳು ನಿಂತುಹೋಗಿ ವಿಮಾನ ಅಂಗಡಿಯ ಆಟಿಕೆಯಾಗುತ್ತದೆ. ಸೆಕೆಂಡಿನ 1/125ಕ್ಕೆ ಇಳಿಸಿದರೆ ಅಲಗು ಚಂದವಾಗಿ ಸುತ್ತುತ್ತದೆ, ಆದರೆ ಕೈ ಕೂದಲೆಳೆಯಷ್ಟು ಅಲುಗಿದರೂ ಇಡೀ ವಿಮಾನ ಮಂಜು. ಹಾಗಾಗಿ ಉಸಿರು ಬಿಗಿಹಿಡಿದು, ಸೊಂಟ ತಿರುಗಿಸುತ್ತಾ, ವಿಮಾನದ ಮೂತಿಯನ್ನೇ ಹಿಂಬಾಲಿಸುತ್ತಾನೆ. ಆಮೇಲೆ ಪರದೆಯಲ್ಲಿ ಹಿಗ್ಗಿಸಿ, ಬಾಲದ ಬಳಿ, ಭಾರತದ ವಿಮಾನವೆಂದು ಸಾರುವ ‘ವಿಟಿ’ಯ ಮುಂದಿನ ಮೂರು ಅಕ್ಷರ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ. ಇದರಿಂದ ಅವನಿಗೆ ಸಿಗುವ ಲಾಭವೇನು ಎಂದು ಹೆಂಡತಿಯಾದವಳು ಕೇಳಿದರೂ ಉತ್ತರವಿಲ್ಲ, ಪೊಲೀಸರು ಕೇಳಿದರೂ ಉತ್ತರವಿಲ್ಲ. ಲಾಭವಿಲ್ಲದ ಕೆಲಸ ಮಾಡುವವನ ಮೇಲೆ ನಮಗೆ ಮೊದಲಿನಿಂದಲೂ ಅನುಮಾನ.

ಅಷ್ಟರಲ್ಲಿ ಕಾವಲುಗಾರ ಬರುತ್ತಾನೆ. ‘ಏನು ತೆಗೆಯುತ್ತಿದ್ದೀರಿ?’

‘ವಿಮಾನ, ಸಾರ್.’

‘ಯಾಕೆ?’

ಈ ಪ್ರಶ್ನೆಗೆ ಲೋಕದ ಯಾವ ಹವ್ಯಾಸಿಯೂ ಈವರೆಗೆ ತೃಪ್ತಿಕರ ಉತ್ತರ ಕೊಟ್ಟಿಲ್ಲ. ಎಲ್ಲ ಅಳಿಸಿ ಎಂಬ ಆಜ್ಞೆಯಾಗುತ್ತದೆ. ಪಕ್ಕದಲ್ಲೇ ಮೊಬೈಲ್ ಹಿಡಿದು ಅದೇ ವಿಮಾನದ ವಿಡಿಯೊ ಮಾಡಿ ಆಗಲೇ ನಾಲ್ಕು ಗುಂಪಿಗೆ ಕಳಿಸಿದವನನ್ನು ಯಾರೂ ಮಾತಾಡಿಸುವುದಿಲ್ಲ. ಲೆನ್ಸ್ ಉದ್ದವಾದಷ್ಟೂ ದೇಶದ್ರೋಹ ಉದ್ದ. ಗೂಢಚಾರ ಅನ್ನುವವನು ಎಲ್ಲರಿಗೂ ಕಾಣುವ ದಿಬ್ಬ ಹತ್ತಿ, ಕೊರಳಿಗೆ ಹಳದಿ ಪಟ್ಟಿಯ ಕ್ಯಾಮೆರಾ ಜೋತುಹಾಕಿಕೊಂಡು ನಿಲ್ಲುತ್ತಾನೆ ಎಂದು ಇವರಿಗೆ ಯಾವ ತರಬೇತಿಯಲ್ಲಿ ಹೇಳಿಕೊಟ್ಟರೋ. ಅವನು ಮನೆಯಲ್ಲಿ ಕುಳಿತು ಉಪಗ್ರಹ ಚಿತ್ರ ಕೊಳ್ಳುತ್ತಾನೆ. ನೆಲದ ಮೇಲಿನ 30 ಸೆಂಟಿಮೀಟರಿನಷ್ಟು ಸಣ್ಣ ವಿವರವನ್ನೂ ತೋರುವ ಚಿತ್ರಗಳು ಹತ್ತು ವರ್ಷದಿಂದ ಮಾರುಕಟ್ಟೆಯಲ್ಲಿವೆ. ಗೂಗಲ್ ಅರ್ಥ್ ಬಗ್ಗೆ ರಾಷ್ಟ್ರಪತಿ ಕಲಾಂ ಅವರು ಆತಂಕ ಹೇಳಿಕೊಂಡದ್ದೇ 2005ರಲ್ಲಿ. ನಾಗರಿಕ ವಿಮಾನಗಳಂತೂ ತಾವು ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ, ಯಾವ ಕಡೆ ಹೊರಟಿದ್ದೇವೆ ಎಂದು ಕ್ಷಣಕ್ಷಣಕ್ಕೂ ರೇಡಿಯೊದಲ್ಲಿ ಊರಿಗೆಲ್ಲ ಸಾರುತ್ತಲೇ ಹಾರುತ್ತವೆ. ಅಂಗೈಯಗಲದ ರಿಸೀವರ್ ಇದ್ದರೆ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು.

ಇನ್ನು ಯಲಹಂಕ. 1996ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿನ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತದೆ. 2025ರಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯಾದ ಸು-57 ಯುದ್ಧವಿಮಾನಗಳು ಒಂದೇ ಪ್ರದರ್ಶನಕ್ಕೆ ಬಂದವು. ತೇಜಸ್ ತಲೆಕೆಳಗಾಯಿತು, ಸೂರ್ಯಕಿರಣ ತಂಡ ಆಕಾಶಕ್ಕೆ ಬಣ್ಣ ಬಳಿಯಿತು, ಮಕ್ಕಳು ಅಪ್ಪಂದಿರ ಹೆಗಲೇರಿ ಮೊಬೈಲ್ ಎತ್ತಿದರು. ತೆಗೆಯಿರಿ, ಹಂಚಿ, ಹ್ಯಾಷ್‌ಟ್ಯಾಗ್ ಮರೆಯಬೇಡಿ. ಪ್ರದರ್ಶನ ಮುಗಿದ ಮಾರನೆಯ ದಿನದಿಂದ ಅದೇ ನೆಲ, ಅದೇ ರೆಕ್ಕೆ ಮತ್ತೆ ರಹಸ್ಯ. ಯುದ್ಧವಿಮಾನಕ್ಕೂ ಮಡಿ ಮೈಲಿಗೆ ಇದೆ ಎಂದು ನಂಬಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ.

ಮಾತು ಬಂತು ಅಂತ ಹೇಳುತ್ತೇನೆ, ಚುನಾವಣೆಯ ಹೆಲಿಕಾಪ್ಟರಿಗೆ ಮಾತ್ರ ಈ ಮೈಲಿಗೆ ಇಲ್ಲ. ನಾಯಕರು ಶಾಲೆಯ ಮೈದಾನದಲ್ಲಿ ಇಳಿಯುತ್ತಾರೆ. ಕೆಂಧೂಳು ಎದ್ದು ಕಾರ್ಯಕರ್ತರ ಬಿಳಿ ಅಂಗಿಗಳು ಒಂದೇ ಬಣ್ಣಕ್ಕೆ ತಿರುಗುತ್ತವೆ, ಶಾಮಿಯಾನದ ಬಟ್ಟೆ ಪಕ್ಕದ ಹೊಲಕ್ಕೆ ಹೋಗುತ್ತದೆ, ರೆಕ್ಕೆ ಇನ್ನೂ ಸುತ್ತುತ್ತಿರುವಾಗಲೇ ತಾಲ್ಲೂಕು ಮಟ್ಟದವರು ಹಾರ ಹಿಡಿದು ಬಗ್ಗಿಕೊಂಡು ಓಡುತ್ತಾರೆ. ಬಾಲದ ರೋಟರಿಗೆ ಬೆನ್ನು ಕೊಟ್ಟು ಸೆಲ್ಫಿ. ವೈಮಾನಿಕ ಸುರಕ್ಷತೆಯ ಪುಸ್ತಕದಲ್ಲಿ ಕೂಡದು ಎಂದು ಬರೆದದ್ದೆಲ್ಲ ಆ ಐದು ನಿಮಿಷದಲ್ಲಿ ನಡೆದು, ಸಂಜೆ ಫ್ಲೆಕ್ಸ್ ಆಗಿ ವೃತ್ತದಲ್ಲಿ ನಿಲ್ಲುತ್ತದೆ.

ನಾವೊಬ್ಬರೇ ಹೀಗೆ ಎಂದು ಕೊರಗಬೇಕಿಲ್ಲ. 2001ರಲ್ಲಿ ಗ್ರೀಸಿನ ಕಲಮಾಟಾದಲ್ಲಿ ವಾಯುಪಡೆಯೇ ಸಾರ್ವಜನಿಕರನ್ನು ಒಳಗೆ ಬಿಟ್ಟ ದಿನ ಹನ್ನೆರಡು ಬ್ರಿಟಿಷರು, ಇಬ್ಬರು ಡಚ್ಚರು ಬೇಹುಗಾರರೆಂದು ಜೈಲು ಸೇರಿದರು. ನೋಟ್‌ಬುಕ್ಕಿನಲ್ಲಿ ನಂಬರ್ ಬರೆಯುವುದು ಹವ್ಯಾಸ ಎಂದರೆ ನ್ಯಾಯಾಲಯ ನಂಬಲಿಲ್ಲ, ಶಿಕ್ಷೆಯನ್ನೇ ವಿಧಿಸಿತು. ಮೇಲ್ಮನವಿಯಲ್ಲಿ ನಿರ್ದೋಷಿಗಳೆನಿಸಿಕೊಳ್ಳಲು ಮರುವರ್ಷದ ನವೆಂಬರ್ ಬರಬೇಕಾಯಿತು. 2010ರಲ್ಲಿ ದೆಹಲಿಯ ಸರದಿ. ರನ್‌ವೇ ಕಾಣುವ ಕೋಣೆ ಬೇಕು ಎಂದು ಹೋಟೆಲಿನಲ್ಲಿ ಕೇಳಿದ ಇಬ್ಬರು ಬ್ರಿಟಿಷ್ ಹವ್ಯಾಸಿಗಳು ಪೊಲೀಸರ ಕೈಗೆ ಸಿಕ್ಕಿ, ಕೊನೆಗೆ ದಂಡ ಕಟ್ಟಿ ಊರಿಗೆ ಹೋದರು. ಇದೇ ನೋಟ್‌ಬುಕ್ಕಿನವರು ಬರೆದಿಟ್ಟ ನಂಬರ್, ತೆಗೆದಿಟ್ಟ ಫೋಟೊಗಳಿಂದಲೇ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ಗುಟ್ಟಾಗಿ ಕೈದಿಗಳನ್ನು ಸಾಗಿಸುತ್ತಿದ್ದ ವಿಮಾನಗಳ ಜಾಡು ಪತ್ರಕರ್ತರಿಗೆ ಸಿಕ್ಕಿತು ಎಂಬುದನ್ನೂ ಹೇಳಬೇಕು. ಸರ್ಕಾರಗಳಿಗೆ ಅವರ ಮೇಲೆ ಪ್ರೀತಿ ಏಕಿಲ್ಲ ಎಂಬುದಕ್ಕೆ ಇದೂ ಒಂದು ಕಾರಣವಿದ್ದೀತು.

2025ರ ಜೂನಿನಲ್ಲಿ ಅಹಮದಾಬಾದಿನಲ್ಲಿ ವಿಮಾನ ಬಿತ್ತು. ಒಳಗಿದ್ದ 242 ಮಂದಿಯಲ್ಲಿ ಉಳಿದದ್ದು ಒಬ್ಬರು. ಅದು ಬೀಳುವುದನ್ನು ಲೋಕ ನೋಡಿದ್ದು ವಿಮಾನ ನೋಡುವ ಆಸೆಗೆ ಮೊಬೈಲ್ ಹಿಡಿದಿದ್ದ ಒಬ್ಬ ಹುಡುಗನ ವಿಡಿಯೊದಲ್ಲಿ. ಟಿವಿಯ ಪರಿಣತರು ಅದನ್ನೇ ನಿಲ್ಲಿಸಿ, ಹಿಗ್ಗಿಸಿ, ಹಿಂದೆ ಮುಂದೆ ಓಡಿಸಿ ದಿನಗಟ್ಟಲೆ ಮಾತಾಡಿದರು. ಪೊಲೀಸರು ಕರೆದು ಹೇಳಿಕೆ ಪಡೆದರು, ಸಾಕ್ಷಿಯಾಗಿ. ಅಷ್ಟರೊಳಗೆ ಹುಡುಗನನ್ನು ಬಂಧಿಸಿದ್ದಾರೆ ಎಂದು ಊರೆಲ್ಲ ಸುದ್ದಿ ಹಬ್ಬಿ, ಇಲ್ಲ ಎಂದು ಪೊಲೀಸರೇ ಹೇಳಬೇಕಾಯಿತು. ಸುದ್ದಿಯನ್ನು ಜನ ಒಂದೇ ಏಟಿಗೆ ನಂಬಿದರಲ್ಲ, ಇಲ್ಲಿ ತಮಾಷೆಗೆ ನನಗೆ ಉತ್ಸಾಹವಿಲ್ಲ. ವಿಮಾನದ ವಿಡಿಯೊ ಮಾಡಿದವನನ್ನು ಹಿಡಿದೊಯ್ಯುವುದು ಸಹಜ ಎಂದು ನಮಗೆಲ್ಲ ಅನ್ನಿಸಿದೆ. ಫೋಟೊ ಕೂಡದು ಎನ್ನುವ ಎಂಟು ದಶಕದ ಫಲಕಗಳು ಕಲಿಸಿದ್ದು ಇಷ್ಟೇ. ಗುಟ್ಟು ಒಂದೂ ಉಳಿಯಲಿಲ್ಲ, ಹೆದರಿಕೆ ಉಳಿಯಿತು.

ಕಾನೂನು ಪಾಲಿಸುವ ಆಸೆಯುಳ್ಳವರಿಗೆ ದಾರಿ ಇದ್ದೇ ಇದೆ, ಲಿಖಿತ ಅನುಮತಿ. ಅದಕ್ಕೊಂದು ಅರ್ಜಿ ಗೀಚಿಕೊಳ್ಳಿ. ‘ಮಾನ್ಯರೇ, ಬರುವ ಮಂಗಳವಾರ ಬೆಳಿಗ್ಗೆ ಸೂರ್ಯ ಮೂಡಿದ ಸ್ವಲ್ಪ ಹೊತ್ತಿಗೆ ಇಳಿಯಲಿರುವ ಹಳೆಯ ಸರಕು ವಿಮಾನದ ಎಡ ಮಗ್ಗುಲನ್ನು ಮೋಡವಿಲ್ಲದಿದ್ದರೆ ತೆಗೆಯಲು ಅನುಮತಿ ಕೋರುತ್ತೇನೆ.’ ಉದ್ದೇಶ: ಚೆನ್ನಾಗಿ ಕಾಣುತ್ತದೆ. ಲಗತ್ತುಗಳು: ಆಧಾರ್ ಪ್ರತಿ, ಲೆನ್ಸಿನ ಅಳತೆ, ಮೋಡವಿರುವುದಿಲ್ಲವೆಂದು ಹವಾಮಾನ ಇಲಾಖೆಯ ಪತ್ರ. ಉತ್ತರ ಬರುವ ಹೊತ್ತಿಗೆ ವಿಮಾನ ಗುಜರಿಗೆ ಹೋಗಿರುತ್ತದೆ. ಗುಜರಿ ಅಂಗಳದಲ್ಲಿ ಫೋಟೊ ತೆಗೆಯಲು ಬೇರೆ ಅರ್ಜಿ ಹಾಕಿಕೊಳ್ಳಬೇಕು.