ಮುರಿದ ಮೂಳೆಗೆ ಆಯಸ್ಕಾಂತದ ಪಟ್ಟಿ: ಒಂದು ಸ್ಪಷ್ಟನೆ

ಮೂಡಿಗೆರೆ, ಸಕಲೇಶಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ‘ವಿಜ್ಞಾನಿಗಳು ಆಯಸ್ಕಾಂತದಿಂದ ಮೂಳೆ ಕೂಡಿಸುತ್ತಿದ್ದಾರೆ. ಆಯಸ್ಕಾಂತದ ಪಟ್ಟಿ ಕಟ್ಟಿಕೊಂಡರೆ ಸಾಕು, ಪ್ಲಾಸ್ಟರ್ ಬೇಡ.’ ಮೊದಲರ್ಧದಲ್ಲಿ ಸ್ವಲ್ಪ ನಿಜ ಇದೆ. ಉಳಿದದ್ದು ಸುಳ್ಳು.

ಸಂಶೋಧನೆ ನಡೆಯುತ್ತಿರುವುದು ಪಟ್ಟಿಯ ಮೇಲಲ್ಲ. ಮೂಳೆಯ ಒಳಗೆ ಕೂರಿಸುವ, ಸ್ಪಂಜಿನ ಹಾಗೆ ತೂತು ತೂತಾದ ವಸ್ತುವಿನ ಮೇಲೆ. ಅದನ್ನು ಹಲವು ಸಲ ಹೈಡ್ರಾಕ್ಸಿಅಪಟೈಟ್‌ನಿಂದ ಮಾಡುತ್ತಾರೆ. ನಮ್ಮ ಮೂಳೆಯ ಖನಿಜವೂ ಹೆಚ್ಚುಕಡಿಮೆ ಅದೇ. ತೂತುಗಳು ಸಾಮಾನ್ಯವಾಗಿ 100ರಿಂದ 500 ಮೈಕ್ರೊಮೀಟರ್, ಅಂದರೆ ಅರ್ಧ ಮಿಲಿಮೀಟರ್ ಒಳಗೆ. ಜೀವಕೋಶ, ರಕ್ತನಾಳ ಅದರೊಳಗೆ ಬೆಳೆಯಬೇಕು ಅಲ್ವಾ, ಅದಕ್ಕೇ ಈ ತೂತು. ಜೊತೆಗೆ ಐರನ್ ಆಕ್ಸೈಡ್‌ನ (ಕಬ್ಬಿಣ, ಆಮ್ಲಜನಕ ಸೇರಿದ ವಸ್ತು) ನ್ಯಾನೊ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಸೇರಿಸುತ್ತಾರೆ. ಹೊರಗಿನಿಂದ ವೇಗವಾಗಿ ದಿಕ್ಕು ಬದಲಿಸುವ ಕಾಂತಕ್ಷೇತ್ರ ಕೊಟ್ಟರೆ ಕಣಗಳು ಬಿಸಿಯಾಗುತ್ತವೆ. ಆ ಬಿಸಿಯಿಂದ ಔಷಧಿ ಬಿಡುಗಡೆ ಮಾಡಿಸಬಹುದು, ಮೂಳೆಯ ಗಡ್ಡೆ ತೆಗೆದ ಜಾಗದಲ್ಲಿ ಉಳಿದ ಕ್ಯಾನ್ಸರ್ ಕೋಶ ಕೊಲ್ಲಬಹುದು ಎಂಬ ಲೆಕ್ಕಾಚಾರ. ಬಹುಪಾಲು ಕೆಲಸ ಇನ್ನೂ ಪ್ರಯೋಗಾಲಯ, ಇಲಿ, ಮೊಲಗಳ ಹಂತದಲ್ಲೇ ಇದೆ.

ಪಟ್ಟಿಯ ಆಯಸ್ಕಾಂತದ ಕಾಂತಕ್ಷೇತ್ರ ದಿಕ್ಕು ಬದಲಿಸದೆ ಸುಮ್ನೆ ಒಂದೇ ಥರ ಇರುತ್ತದೆ. ಅದರಿಂದ ಈ ಬಿಸಿ ಹುಟ್ಟುವುದಿಲ್ಲ. ‘ರಕ್ತದಲ್ಲಿ ಕಬ್ಬಿಣ ಇದೆಯಲ್ಲ, ಆಯಸ್ಕಾಂತ ಅದನ್ನು ಎಳೆಯುತ್ತದೆ’ ಎನ್ನುವವರೂ ಇದ್ದಾರೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಆಯಸ್ಕಾಂತಕ್ಕೆ ಮೊಳೆಯ ಹಾಗೆ ಅಂಟುವುದಿಲ್ಲ. ಅಂಟುವಂತಿದ್ದರೆ, ಭಾರೀ ಬಲದ ಆಯಸ್ಕಾಂತ ಇರುವ ಎಂಆರ್‌ಐ ಸ್ಕ್ಯಾನ್ ಯಂತ್ರದೊಳಗೆ ಮಲಗಿದವರ ಗತಿ?

ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದರೆ ಮೊದಲು ಎಕ್ಸ್‌ರೇ ತೆಗೆಸಿ, ಡಾಕ್ಟರ್ ಹೇಳಿದಷ್ಟು ದಿನ ಪ್ಲಾಸ್ಟರ್ ಇರಲಿ. ಇನ್ನೊಂದು, ಪೇಸ್‌ಮೇಕರ್ (ಹೃದಯ ಬಡಿತ ಸರಿಯಾಗಿಡುವ ಸಾಧನ) ಹಾಕಿಸಿಕೊಂಡವರು ಈ ಪಟ್ಟಿಯನ್ನು ಎದೆಯ ಹತ್ತಿರವೂ ತರಬಾರದು.