ಭಾವ ನಾಟಕ ಆಡುತ್ತಿರಲಿಲ್ಲ

ನಿನ್ನೆ ಬೇಲೂರು ಕಡೆ ಒಂದು ಬೀಗರೂಟಕ್ಕೆ ಹೋಗಿದ್ದೆ. ಊಟ ಗಂಟಲಲ್ಲಿ ಇಳಿಯಲಿಲ್ಲ. ರಾತ್ರಿಯೆಲ್ಲ ನಿದ್ದೆ ಇಲ್ಲ. ಅಕ್ಕನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ.

ದೊಡ್ಡಪ್ಪನ ಮಗಳ ಗಂಡ, ನನಗೆ ಭಾವ. ವರ್ಷಗಟ್ಟಲೆ ದಿನಾ ಕುಡಿದವರು. ಮೊನ್ನೆ ಮನೆದೇವರ ಮುಂದೆ ಆಣೆ ಮಾಡಿ ಬಿಟ್ಟಿದ್ದಾರೆ. ಶಾಮಿಯಾನದ ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ಯಾರೋ ಕಾಫಿ ಕೊಟ್ಟರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಆದರೂ ಕಾಫಿ ಬಿಳಿ ಪಂಚೆ ಮೇಲೆ ಚೆಲ್ಲುತ್ತಲೇ ಇತ್ತು. ಹಿಂದೆ ಅಡುಗೆಯವರು ದಬರಿ ಇಳಿಸಿದ ಸದ್ದಿಗೆ ಬೆಚ್ಚಿಬಿದ್ದು ಎದ್ದು ನಿಂತರು. ಈ ಚಳಿಯಲ್ಲೂ ಅಂಗಿ ಒದ್ದೆ.

ಸುತ್ತ ಇದ್ದವರು ನಕ್ಕರು.

"ಎರಡು ದಿನಕ್ಕೇ ಹಿಂಗೆ ನಡುಗ್ತಾನಲ್ಲ, ಗಂಡಸಾ ಇವ್ನು?"

"ಎಲ್ಲಾ ನಾಟಕ ಕಣೋ. ಒಂದು ನೈಂಟಿ ತಂದು ಕೊಡು, ಸರಿಹೋಗ್ತಾನೆ."

ನಾಟಕ. ಈ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾಕೆ ಅಂತ ನನ್ನನ್ನು ಹತ್ತಿರದಿಂದ ಬಲ್ಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಮುಂದೆ ಹೇಳುತ್ತೇನೆ.

ಮೊದಲು ಭಾವನ ತಲೆಯೊಳಗೆ ಏನಾಗುತ್ತಿತ್ತು ಅಂತ ಕೇಳಿ. ನಮ್ಮ ಕಡೆ ಮಳೆಗಾಲದಲ್ಲಿ ಕೆಸರುಗದ್ದೆ ಆಟ ಮಾಡುತ್ತಾರಲ್ಲ, ಅಲ್ಲಿನ ಹಗ್ಗಜಗ್ಗಾಟ ನೆನಪು ಮಾಡಿಕೊಳ್ಳಿ. ಮೆದುಳಿನಲ್ಲೂ ಎರಡು ಕಡೆಯವರು ದಿನವಿಡೀ ಹಗ್ಗ ಎಳೆಯುತ್ತಿರುತ್ತಾರೆ. ಒಂದು ಕಡೆ ಗಾಬಾ ಅನ್ನುವ ರಾಸಾಯನಿಕ. ಅದರ ಕೆಲಸ ನರಗಳನ್ನು ತಣ್ಣಗಿಡುವುದು. ಇನ್ನೊಂದು ಕಡೆ ಗ್ಲುಟಮೇಟ್. ಅದು ನರಗಳನ್ನು ಎಬ್ಬಿಸುತ್ತದೆ. ಹೆಂಡ ಹೊಟ್ಟೆಗೆ ಬಿದ್ದರೆ ಗಾಬಾ ಕಡೆ ಸೇರಿಕೊಂಡು ಎಳೆಯುತ್ತದೆ, ಗ್ಲುಟಮೇಟಿನ ಕೈಯನ್ನೂ ಸಡಿಲ ಮಾಡುತ್ತದೆ. ಅದಕ್ಕೇ ಕುಡಿದ ತಕ್ಷಣ ಹಾಯೆನಿಸುವುದು.

ಆದರೆ ದಿನಾ ಹೀಗಾದರೆ ಮೆದುಳು ಸುಮ್ನೆ ಇರುತ್ತದಾ? ಅದಕ್ಕೆ ಬದುಕಬೇಕು, ಎಚ್ಚರ ಇರಬೇಕು. ಗ್ಲುಟಮೇಟಿನ ಕಡೆ ಇನ್ನಷ್ಟು ಜನ ಸೇರಿಸುತ್ತದೆ. ಗಾಬಾ ಹೇಳಿದ ಮಾತನ್ನು ಕೇಳುವುದು ಕಡಿಮೆ ಮಾಡುತ್ತದೆ. ಹೆಂಡ ಇದ್ದಷ್ಟು ದಿನ ಹಗ್ಗ ಹೇಗೋ ನಡುವೆ ನಿಂತಿರುತ್ತದೆ. ಒಂದು ದಿನ ಆಣೆ ಮಾಡಿ ಬಿಟ್ಟಿರಿ ಅನ್ನಿ. ಈ ಕಡೆ ಎಳೆಯುತ್ತಿದ್ದ ಹೆಂಡ ಪಟ್ಟನೆ ಹಗ್ಗ ಕೈಬಿಟ್ಟಿತು. ಆ ಕಡೆಯ ಜನ ಅಷ್ಟೇ ಇದ್ದಾರೆ. ಏನಾಗುತ್ತದೆ? ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಭಾವನ ಕೈ ನಡುಗುತ್ತಿದ್ದದ್ದು ಆ ಬೀಳುವಿಕೆಗೆ.

ಅಷ್ಟೇ ಅಲ್ಲ. ಮೆದುಳಿನ ಬುಡದಲ್ಲಿ ಲೋಕಸ್ ಸೆರೂಲಿಯಸ್ ಅಂತ ಒಂದು ಪುಟ್ಟ ಜಾಗ ಇದೆ. ಅಪಾಯ ಬಂದಾಗ ನಾರ್‌ಅಡ್ರಿನಲಿನ್ ಸುರಿಸಿ ಮೈಯನ್ನೆಲ್ಲ ಎಬ್ಬಿಸುವುದು ಅದೇ. ಕುಡಿತ ತಟ್ಟನೆ ನಿಂತಾಗ ಅದು ಲಂಗುಲಗಾಮಿಲ್ಲದೆ ಕೆಲಸ ಮಾಡುತ್ತದೆ. ಎದೆ ಡವಡವ, ಬೆವರು, ಬಿಪಿ ಜಾಸ್ತಿ. ಜೊತೆಗೆ ಭಯವನ್ನು ನೋಡಿಕೊಳ್ಳುವ ಅಮಿಗ್ಡಲಾ ಭಾಗದಲ್ಲಿ ಸಿಆರ್‌ಎಫ್ ಅನ್ನುವ ಒತ್ತಡದ ರಾಸಾಯನಿಕ ಏರುತ್ತದೆ. ಎದುರಿಗೆ ಹುಲಿ ಇಲ್ಲ, ಆನೆ ಇಲ್ಲ, ಬರೀ ದಬರಿ ಸದ್ದು. ಮೆದುಳಿಗೆ ಮಾತ್ರ ಆನೆಯೇ ಅಂಗಳಕ್ಕೆ ಬಂದ ಹಾಗೆ. ಸಕಲೇಶಪುರದ ತೋಟದಲ್ಲಿ ರಾತ್ರಿ ಆನೆ ಸದ್ದು ಕೇಳಿದವರು ನೀವು. ಆ ಭಯ ಎರಡು ಹಗಲು, ಎರಡು ರಾತ್ರಿ ಬಿಡದೆ ಇದ್ದರೆ ಹೇಗಿರುತ್ತದೆ ಹೇಳಿ. ಅದನ್ನು ನಾಟಕ ಅಂತೀರಾ?

ಬೆಳಿಗ್ಗೆ ಏಳುತ್ತಲೇ ಪ್ಯಾಕೆಟ್ ಹುಡುಕುವವನನ್ನು ನಾವು ಆಸೆಬುರುಕ ಅಂತೀವಿ. ಆ ಹೊತ್ತಿಗೆ ಅವನಿಗೆ ಬೇಕಾಗಿರುವುದು ಖುಷಿ ಅಲ್ಲ, ಆ ಭಯ ನಿಂತರೆ ಸಾಕು ಅಂತ.

ಈಗ ನಮ್ಮಣ್ಣನ ವಿಷಯ. 2017ರ ಜನವರಿ, ಕಾಫಿ ಕುಯ್ಲಿನ ಸಮಯ. ಅಣ್ಣನೂ ಹೀಗೇ ಒಂದೇ ಏಟಿಗೆ ಬಿಟ್ಟಿದ್ದ. ಎರಡನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು, "ಪುಟ್ಟಿ, ನಂಗೆ ಯಾಕೋ ಭಯ ಆಗ್ತಿದೆ ಕಣೆ, ಪಕ್ಕದಲ್ಲಿ ಕೂತ್ಕೋ" ಅಂದ. ನಾನು ರೊಟ್ಟಿ ತಟ್ಟುತ್ತಿದ್ದೆ. ತಿರುಗಿಯೂ ನೋಡದೆ ಹೇಳಿದೆ, "ನಾಟಕ ಆಡಬೇಡ ಅಣ್ಣ." ಹೌದು, ನಾನೇ ಹೇಳಿದ್ದು. ಸ್ವಲ್ಪ ಹೊತ್ತಿಗೆ ಒಲೆ ಪಕ್ಕದಲ್ಲೇ ಫಿಟ್ಸ್ ಬಂದು ಬಿದ್ದ. ಅಮ್ಮ ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕುತ್ತಾ ಕೂಗುತ್ತಿದ್ದಳು. ಅಣ್ಣ ಬದುಕಿದ. ಇವತ್ತು ನಮ್ಮ ಜೊತೆ ಇದ್ದಾನೆ. ಆ ಮಾತಿಗೆ ನಾನು ಅವನ ಹತ್ತಿರ ಇನ್ನೂ ಕ್ಷಮೆ ಕೇಳಿಲ್ಲ.

ಫಿಟ್ಸ್ ಸಾಮಾನ್ಯವಾಗಿ ಕಡೇ ಕುಡಿತದಿಂದ ಎರಡು ದಿನದೊಳಗೆ ಬರುತ್ತದೆ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಹೊದಿಕೆ ಮೇಲಿನ ಇರುವೆ ಹೆಕ್ಕುತ್ತಾರೆ, ಯಾವ ಊರು ಅಂತ ತಿಳಿಯುವುದಿಲ್ಲ. ಡಾಕ್ಟರುಗಳು ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ನಮ್ಮೂರುಗಳಲ್ಲಿ ಅದಕ್ಕೆ ಗಾಳಿ ಹಿಡಿದಿದೆ ಅಂತ ಕೋಣೆಗೆ ಹಾಕಿ ಬೀಗ ಹಾಕುತ್ತಾರೆ!

"ನಮ್ಮಜ್ಜ ಒಂದೇ ದಿನದಲ್ಲಿ ಬಿಟ್ರು, ಏನೂ ಆಗಲಿಲ್ಲ" ಅಂತ ಕೆಲವರು ಹೇಳುತ್ತೀರಿ. ಆಗಿರಬಹುದು. ಎಲ್ಲರಿಗೂ ಫಿಟ್ಸ್ ಬರಲ್ಲ. ಎಷ್ಟು ಕುಡಿಯುತ್ತಿದ್ದರು, ಎಷ್ಟು ವರ್ಷ, ಮೊದಲು ಎಷ್ಟು ಸಲ ಬಿಟ್ಟು ಮತ್ತೆ ಹಿಡಿದಿದ್ದರು, ಅದರ ಮೇಲೆ ಹೋಗುತ್ತದೆ. ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡಿದವರಿಗೆ ಪ್ರತಿ ಸಲ ಇನ್ನೂ ಜೋರಾಗಿ ಬರಬಹುದು. ಅಜ್ಜನ ಅದೃಷ್ಟವನ್ನು ಭಾವನ ಮೇಲೆ ಪರೀಕ್ಷೆ ಮಾಡಲು ನಾನು ತಯಾರಿಲ್ಲ. "ಹಾಗಾದ್ರೆ ಕುಡೀತಾನೇ ಇರ್ಲಾ?" ಅಂತಲೂ ಕೇಳಬೇಡಿ. ಬಿಡಲಿ, ಖಂಡಿತ ಬಿಡಲಿ. ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕಂಡು ಬಿಡಲಿ.

ಯಾಕಂದರೆ ಇದಕ್ಕೆ ಔಷಧಿ ಇದೆ. ಗಾಬಾ ಕಡೆಯ ಹಗ್ಗವನ್ನೇ ಹಿಡಿದುಕೊಳ್ಳುವ ಮಾತ್ರೆಗಳಿವೆ, ಬೆಂಜೋಡಯಜಪೀನ್ ಗುಂಪಿನವು. ಡಾಕ್ಟರು ಕೊಟ್ಟು, ಕೆಲವು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸುತ್ತಾರೆ. ನೀವೇ ಮೆಡಿಕಲ್‌ನಲ್ಲಿ ತಂದು ಕೊಡಬೇಡಿ. ಅದರ ಮೇಲೆ ಹೆಂಡ ಬಿದ್ದರೆ ಉಸಿರೇ ನಿಲ್ಲಬಹುದು. ಹಾಗೇ "ಸುಸ್ತಾಗಿದ್ದಾನೆ, ಒಂದು ಬಾಟಲಿ ಗ್ಲೂಕೋಸ್ ಹಾಕ್ಸಿ" ಅಂತ ಹೊರಡುವ ಮುಂಚೆ, ಇವರು ದಿನಾ ಕುಡೀತಿದ್ರು ಅಂತ ಬಾಯಿಬಿಟ್ಟು ಹೇಳಿ. ಇಂಥವರ ಮೈಯಲ್ಲಿ ಬಿ-1 ವಿಟಮಿನ್ ಬತ್ತಿರುತ್ತದೆ, ಅದೂ ಬೇಕಾಗುತ್ತದೆ. ಮರ್ಯಾದೆಗೆ ಹೆದರಿ ಮುಚ್ಚಿಟ್ಟರೆ ಕಷ್ಟ. ಯಾರನ್ನು ಕೇಳಬೇಕು ಅಂತ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಡುಕ ಜೋರಿದ್ದರೆ, ಫಿಟ್ಸ್ ಬಂದರೆ, ತಪ್ಪು ತಪ್ಪು ಮಾತಾಡಿದರೆ ಫೋನ್ ಗೀನ್ ಅಂತ ಕೂರದೆ ಸೀದಾ ಆಸ್ಪತ್ರೆಗೆ.

ನಿನ್ನೆ ಎರಡನೇ ಪಂಕ್ತಿ ಏಳುವ ಹೊತ್ತಿಗೆ ನಾನೂ ಅಕ್ಕನೂ ಭಾವನನ್ನು ಕಾರಿಗೆ ಹತ್ತಿಸಿಕೊಂಡು ಹಾಸನಕ್ಕೆ ಬಂದೆವು. ದಾರಿಯುದ್ದಕ್ಕೂ ಅವರು ಅಕ್ಕನ ಸೆರಗು ಹಿಡಿದುಕೊಂಡಿದ್ದರು. ಅಡ್ಮಿಟ್ ಮಾಡಿಕೊಂಡಿದ್ದಾರೆ. ಬೆಳಗಿನ ಜಾವ ಸ್ವಲ್ಪ ನಿದ್ದೆ ಬಂತಂತೆ.

ನೆಂಟರು ಯಾರಾದರೂ ಇದನ್ನು ಓದುತ್ತಿದ್ದರೆ, ನೋಡಲು ಬನ್ನಿ. ಆದರೆ ಇಬ್ಬಿಬ್ಬರೇ ಬನ್ನಿ. ಬಾಗಿಲು ದಡಾರನೆ ಹಾಕಬೇಡಿ, ಮೆಲ್ಲಗೆ ಮಾತಾಡಿ. ಮಂಚದ ಪಕ್ಕ ನಿಂತು "ಇನ್ನು ಮೇಲೆ ಕುಡೀತೀಯೇನೋ?" ಅಂತ ಮಾತ್ರ ಯಾರೂ ಕೇಳಬೇಡಿ. ಗಂಜಿ ನಾನು ತರುತ್ತೇನೆ. ಅಣ್ಣನೂ ನನ್ನ ಜೊತೆ ಬರುತ್ತೀನಿ ಅಂದಿದ್ದಾನೆ, ಭಾವನ ಪಕ್ಕದಲ್ಲಿ ಕೂರುವುದಕ್ಕೆ.